ಮೋಟರ್‌ಹೋಮ್‌ನ ಮೆಟ್ಟಿಲು ಯಾಕೆ ಹಠ ಮಾಡುತ್ತೆ?

ಬೇಸಿಗೆ ಬಂತು ಅಂದ್ರೆ ಅಮೆರಿಕದಲ್ಲಿರೋ ನಮ್ಮವರು ಅನೇಕರು ಮೋಟರ್‌ಹೋಮ್ ಬಾಡಿಗೆಗೆ ತಗೊಂಡು ಯೆಲ್ಲೋಸ್ಟೋನ್ ಕಡೆಗೋ ಗ್ರ್ಯಾಂಡ್ ಕ್ಯಾನ್ಯನ್ ಕಡೆಗೋ ಹೊರಡ್ತಾರೆ. ಊರಿಂದ ಬಂದ ಅಪ್ಪ ಅಮ್ಮನೂ ಜೊತೆಗಿರ್ತಾರೆ. ಇಂಥ ಎಷ್ಟೋ ಗಾಡಿಗಳಲ್ಲಿ ಬಾಗಿಲು ತೆಗೆದ ಕೂಡಲೇ ಕೆಳಗಿನಿಂದ ಒಂದು ಮೆಟ್ಟಿಲು ತಾನಾಗಿ ಹೊರಗೆ ಬರುತ್ತೆ, ಬಾಗಿಲು ಹಾಕಿದರೆ ಒಳಗೆ ಹೋಗುತ್ತೆ. ಇವತ್ತಿನ ಮಾತು ಅದರ ಬಗ್ಗೆ.

ಇದೇನು ದೊಡ್ಡ ವಿಷಯ ಅನ್ನಿಸಬಹುದು. ಆದರೆ ಮೂರು ಸಲ ಬಂದು ನಾಲ್ಕನೇ ಸಲ ಕೈಕೊಡುವ ಮೆಟ್ಟಿಲು, ಮೆಟ್ಟಿಲೇ ಇಲ್ಲದ ಗಾಡಿಗಿಂತ ಅಪಾಯ. ಕಾಲಿಗೆ ಅಭ್ಯಾಸ ಆಗಿಬಿಟ್ಟಿರುತ್ತೆ, ಕತ್ತಲಲ್ಲಿ ನೋಡದೆ ಇಳಿದವರು ನೇರ ನೆಲಕ್ಕೇ ಬೀಳ್ತಾರೆ. ಒಳಗೆ ಹೋಗದಿದ್ದರೆ ಇನ್ನೊಂದು ಪಾಡು: ಗಾಡಿಯ ಪಕ್ಕದಿಂದ ಚಾಚಿಕೊಂಡ ಆ ಕಬ್ಬಿಣ ಫುಟ್‌ಪಾತಿನ ಅಂಚಿಗೋ ಬಂಕಿನ ಕಂಬಕ್ಕೋ ಬಡಿಯುತ್ತೆ.

ಮೊದಲು, ಕೆಟ್ಟಿಲ್ಲದೆಯೇ ಕೆಟ್ಟಂತೆ ಕಾಣುವ ಸಂದರ್ಭ. ಸಾಮಾನ್ಯವಾಗಿ ಮೆಟ್ಟಿಲಿನ ಕಂಟ್ರೋಲ್ ಪೆಟ್ಟಿಗೆ ಮೂರು ಮಾತು ಕೇಳುತ್ತೆ: ಬಾಗಿಲು ತೆರೆದಿದೆಯಾ, ಗಾಡಿಯ ಕೀ ಆನ್ ಇದೆಯಾ, ಬಾಗಿಲ ಪಕ್ಕದ ಸ್ವಿಚ್ ಆನ್ ಇದೆಯಾ. ಕ್ಯಾಂಪಿನಲ್ಲಿ ಗಂಟೆಗೆ ಹತ್ತು ಸಲ ಓಡಾಡೋವಾಗ ಮೆಟ್ಟಿಲು ಹೊರಗೇ ಇರಲಿ ಅಂತ ಆ ಸ್ವಿಚ್ ಆಫ್ ಮಾಡೋದುಂಟು. ಮಕ್ಕಳು ಅದನ್ನ ಒತ್ತಿಬಿಟ್ಟಿದ್ದರೂ ಮೆಟ್ಟಿಲು ಮಿಸುಕಾಡಲ್ಲ. ಆದರೆ ಅನೇಕ ಮಾದರಿಗಳಲ್ಲಿ ಕೀ ಆನ್ ಆದರೆ ಸ್ವಿಚ್ಚಿನ ಮಾತು ನಡೆಯಲ್ಲ. ಬಾಗಿಲು ಮುಚ್ಚಿದ್ದರೆ ಮೆಟ್ಟಿಲು ಒಳಗೆ ಹೋಗಲೇಬೇಕು. ಹಾಗಾಗಿ ಸ್ವಿಚ್ಚು, ಆಮೇಲೆ ಫ್ಯೂಸು. ಬಾಡಿಗೆ ಗಾಡಿಯಾದರೆ ಇಷ್ಟು ನೋಡಿ, ಸರಿಹೋಗದಿದ್ದರೆ ಗಾಡಿ ಕೊಟ್ಟವರಿಗೆ ಫೋನ್ ಮಾಡಿ.

ಸ್ವಂತ ಗಾಡಿಯವರು ಮುಂದೆ ಬನ್ನಿ. ಬಾಗಿಲು ತೆರೆದಿದ್ದು ಪೆಟ್ಟಿಗೆಗೆ ಗೊತ್ತಾಗೋದು ಹೇಗೆ? ಹಲವು ಗಾಡಿಗಳಲ್ಲಿ ಬಾಗಿಲಿಗೆ ಒಂದು ಆಯಸ್ಕಾಂತ, ಚೌಕಟ್ಟಿಗೆ ಒಂದು ರೀಡ್ ಸ್ವಿಚ್ ಇರುತ್ತೆ. ಗಾಜಿನ ಸಣ್ಣ ಕೊಳವೆಯೊಳಗೆ ಎರಡು ತೆಳು ಲೋಹದ ಪಟ್ಟಿ; ಆಯಸ್ಕಾಂತ ಹತ್ತಿರ ಬಂದಾಗ, ದೂರ ಹೋದಾಗ ಅವುಗಳ ಸ್ಥಿತಿ ಬದಲಾಗುತ್ತೆ. 1936ರಲ್ಲಿ ಬೆಲ್ ಲ್ಯಾಬ್ಸ್‌ನ ವಾಲ್ಟರ್ ಎಲ್‌ವುಡ್ ರೂಪಿಸಿದ ಸಾಧನ ಇದು. ಬಾಗಿಲು ಸ್ವಲ್ಪ ಜೋತರೆ ಆಯಸ್ಕಾಂತ ಸ್ವಿಚ್ಚಿಗೆ ಎದುರಾಗಿ ನಿಲ್ಲಲ್ಲ. ಆಗ ಪೆಟ್ಟಿಗೆಯ ಪ್ರಕಾರ ಬಾಗಿಲು ಯಾವಾಗಲೂ ತೆರೆದೇ ಇದೆ! ಬೇರೊಂದು ಆಯಸ್ಕಾಂತವನ್ನ ಸ್ವಿಚ್ಚಿನ ಹತ್ತಿರ ಹಿಡಿದು, ದೂರ ಸರಿಸಿ ನೋಡಿ. ಮೆಟ್ಟಿಲು ಅದಕ್ಕೆ ಸ್ಪಂದಿಸಿದರೆ ಮೋಟರು, ವೈರು ಎಲ್ಲ ಸರಿ ಇವೆ, ತಪ್ಪು ಬಾಗಿಲಿನದ್ದು.

ಇನ್ನು ನನ್ನ ಪ್ರಕಾರ ಜನ ಅತಿ ಹೆಚ್ಚು ಏಮಾರೋ ಜಾಗ. ಮೀಟರ್ ಹಿಡಿದು ನೋಡ್ತಾರೆ, 12.6 ವೋಲ್ಟ್ ಇದೆ. "ಕರೆಂಟ್ ಸರಿಯಾಗಿದೆ, ಮೋಟರೇ ಹೋಗಿದೆ" ಅಂತ ಹೊಸ ಮೋಟರ್ ತರ್ತಾರೆ. ಅದೂ ಓಡಲ್ಲ. ಯಾಕೆ? ಮನೆ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ಪೈಪಿನಲ್ಲಿ ಕಸ ಕಟ್ಟಿಕೊಂಡಿದ್ದರೂ ನಲ್ಲಿ ಮುಚ್ಚಿದ್ದಾಗ ಒತ್ತಡ ಪೂರ್ತಿ ಇರುತ್ತೆ. ನಲ್ಲಿ ತಿರುಗಿಸಿದಾಗಲೇ ಬಣ್ಣ ಬಯಲಾಗೋದು. ಇಲ್ಲಿ ಕಸ ಅಂದ್ರೆ ಕನೆಕ್ಟರಿನ ತುಕ್ಕು. ಮೆಟ್ಟಿಲು ಚಕ್ರದ ಹತ್ತಿರವೇ ಕೂತಿರುತ್ತೆ, ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕೋ ರಾಜ್ಯಗಳಲ್ಲಂತೂ ಕೇಳೋದೇ ಬೇಡ. ತುಕ್ಕಿನಿಂದ ಬರೀ 0.2 ಓಮ್ ತಡೆ ಬಂತು ಅನ್ನಿ. ಮೀಟರ್ ಎಳೆಯೋ ವಿದ್ಯುತ್ ನಗಣ್ಯ, ಹಾಗಾಗಿ 12.6 ವೋಲ್ಟೇ ತೋರಿಸುತ್ತೆ. ಮೋಟರು 15 ಆಂಪಿಯರ್ ಎಳೆದರೆ? 15 ಗುಣಿಸು 0.2, ಅಂದ್ರೆ 3 ವೋಲ್ಟ್ ದಾರಿಯಲ್ಲೇ ಸೋರಿಹೋಯ್ತು.

ಆದ್ದರಿಂದ ಮೆಟ್ಟಿಲು ಚಲಿಸೋಕೆ ಪ್ರಯತ್ನಿಸ್ತಿರುವಾಗಲೇ ಅಳೆಯಬೇಕು. ಮೀಟರಿನ ಒಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಮೆಟ್ಟಿಲಿನ ಚೌಕಟ್ಟಿಗೆ. ಇನ್ನೊಬ್ಬರು ಬಾಗಿಲು ತೆಗೆಯಲಿ. ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟ್ ದಾಟಿದರೆ ಗ್ರೌಂಡ್ ಕನೆಕ್ಷನ್ ಬಿಚ್ಚಿ, ಲೋಹ ಹೊಳೆಯೋ ತನಕ ಉಜ್ಜಿ ಮತ್ತೆ ಬಿಗಿಯಿರಿ.

ಇದಕ್ಕೂ ಮುಂಚೆ, ಮೀಟರ್ ಇಲ್ಲದೆಯೇ ಒಂದು ಸುಳಿವು ಸಿಗುತ್ತೆ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಅಷ್ಟಕ್ಕೇ ಮೆಟ್ಟಿಲು ಓಡಿದರೆ ಬಾಗಿಲ ಪಕ್ಕದ ಸ್ವಿಚ್ಚನ್ನೋ ಅದರ ವೈರನ್ನೋ ಅನುಮಾನಿಸಿ. ಎಂಜಿನ್ ಓಡ್ತಿದ್ದಾಗ ಮಾತ್ರ ಸರಿಯಾಗಿದ್ದರೆ, ಆಲ್ಟರ್ನೇಟರ್ ಕೊಡೋ ಸುಮಾರು 14 ವೋಲ್ಟ್ ಅದನ್ನ ಹೇಗೋ ತಳ್ಳುತ್ತಿದೆ ಅಂತ ಅರ್ಥ. ಬ್ಯಾಟರಿ ಅಥವಾ ಕನೆಕ್ಷನ್ ದುರ್ಬಲ.

ಅರ್ಧಕ್ಕೆ ನಿಲ್ಲೋ ಮೆಟ್ಟಿಲಿನ ಕತೆ ಇನ್ನೂ ಚೆನ್ನಾಗಿದೆ. ತಿರುಗುವ ಮೋಟರು ಒಂದು ಡೈನಮೋ ಕೂಡ ಹೌದು. ಬ್ಯಾಟರಿಗೆ ಎದುರಾಗಿ ತಾನೂ ವೋಲ್ಟೇಜ್ ಹುಟ್ಟಿಸಿ ವಿದ್ಯುತ್ ಪ್ರವಾಹವನ್ನ ಹಿಡಿತದಲ್ಲಿಡುತ್ತೆ. ತಿರುಗೋದು ನಿಂತರೆ ಆ ಎದುರು ವೋಲ್ಟೇಜೂ ಮಾಯ, ಪ್ರವಾಹ ದಿಢೀರ್ ಏರುತ್ತೆ. ಈ ಏರಿಕೆ ಕಂಡು "ತುದಿ ಮುಟ್ಟಿತು" ಅಂತ ಮೋಟರ್ ನಿಲ್ಲಿಸೋ ಪೆಟ್ಟಿಗೆಗಳಿವೆ. ಕೀಲಿನಲ್ಲಿ ಕೆಸರು, ಕಲ್ಲು, ತುಕ್ಕು ಸೇರಿ ಮೆಟ್ಟಿಲು ಬಿಗಿಯಾದರೂ ಪ್ರವಾಹ ಏರುತ್ತೆ, ಪಾಪ, ಪೆಟ್ಟಿಗೆಗೆ ವ್ಯತ್ಯಾಸ ತಿಳಿಯಲ್ಲ. ತೊಳೆದು, ಕೈಪಿಡಿಯಲ್ಲಿ ಹೇಳಿದ ಲೂಬ್ರಿಕೆಂಟ್ ಹಾಕಿದರೆ ಎಷ್ಟೋ ಸಲ ಸಾಕು.

ಮೆಟ್ಟಿಲಿನ ಕೀಲುಗಳ ನಡುವೆ ಕೈ ಹಾಕೋ ಮುಂಚೆ ಬ್ಯಾಟರಿಯಿಂದ ಬರೋ ವೈರ್ ಬಿಚ್ಚಲೇಬೇಕು. ಒಳಗಿರೋರು ಬಾಗಿಲು ತೆಗೆದರೆ ಅಥವಾ ಕೀ ತಿರುಗಿಸಿದರೆ ಅದು ಬೆರಳು ನೋಡಿ ನಿಲ್ಲಲ್ಲ.

ದಾರಿ ಮಧ್ಯೆ ಹೊರಗೇ ಸಿಕ್ಕಿಹಾಕಿಕೊಂಡರೆ, ಕರೆಂಟ್ ತೆಗೆದು, ಮೋಟರನ್ನೂ ಮೆಟ್ಟಿಲನ್ನೂ ಜೋಡಿಸಿರೋ ಪಿನ್ ಎಲ್ಲಿದೆ ಅಂತ ಕೈಪಿಡಿ ನೋಡಿ ಕಳಚಿ, ಮೆಟ್ಟಿಲನ್ನ ಒಳಗೆ ತಳ್ಳಿ ಗಟ್ಟಿ ಪಟ್ಟಿಯಿಂದ ಕಟ್ಟಿ. ಮುಂದಿನ ಊರು ತಲುಪೋ ತನಕ ಇಳಿಯೋಕೆ ಒಂದು ಮಡಚೋ ಸ್ಟೂಲ್ ಇಟ್ಟುಕೊಳ್ಳಿ, ಮೆಟ್ಟಿಲು ಇಲ್ಲ ಅಂತ ಗಾಡಿಯಲ್ಲಿರೋ ಎಲ್ಲರಿಗೂ, ಮುಖ್ಯವಾಗಿ ಹಿಂದೆ ಮಲಗಿರೋರಿಗೆ ಹೇಳಿಡಿ.