ಕಾಂಗ್ರೆಸ್ ಗಿಡದ ಶತ್ರು, ನಮ್ಮ ಮಿತ್ರ

ಮಳೆ ಬಿದ್ದೊಡನೆ ಪವಾಯಿಯ ರಸ್ತೆಬದಿಗಳಲ್ಲಿ ತಲೆಯೆತ್ತುವ ಪಾರ್ಥೇನಿಯಂ, ಅಂದರೆ ನಮ್ಮ ನಾಡಿನವರು ಹೇಳುವ ಕಾಂಗ್ರೆಸ್ ಗಿಡವನ್ನು ವಾಚಕರೆಲ್ಲರೂ ಬಲ್ಲರು. ಮುಟ್ಟಿದರೆ ತುರಿಕೆ, ಪರಾಗದಿಂದ ಉಬ್ಬಸ. ಇದರ ಎಲೆಗಳನ್ನು ತಿಂದು ಬದುಕುವ ಹುಳುವೊಂದನ್ನು ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಮೆಕ್ಸಿಕೋದಿಂದ ತರಿಸಿ, ಪರೀಕ್ಷಿಸಿ, 1984ರಲ್ಲಿ ಹೊರಬಿಟ್ಟರು. ಪ್ಯಾಲಿಸ್ಟರ್ ಎಂಬ ತಜ್ಞರು 1953ರಲ್ಲಿ ಇದಕ್ಕಿತ್ತ ಹೆಸರು ಜೈಗೊಗ್ರಾಮ ಬೈಕಲರೇಟ.

ಇದರ ಉದ್ದ ಸುಮಾರು 6 ಮಿಲಿಮೀಟರು. ತಲೆ ಕಂದು, ಕೆನೆಬಣ್ಣದ ಬೆನ್ನಿನ ಮೇಲೆ ಉದ್ದುದ್ದನೆಯ ಕಂದು ಗೆರೆಗಳು. ದುಂಡುಮೈಯನ್ನು ಕಂಡು ಗುಲಗಂಜಿ ಹುಳುವೆಂದು ಭ್ರಮಿಸಬಾರದು. ಗುಲಗಂಜಿ ಹುಳುವಿನ ಮೀಸೆ ಮೊಟಕು, ತುದಿ ದಪ್ಪ. ಇದರದು ಅದಕ್ಕಿಂತ ಉದ್ದ. ಭೂತಗನ್ನಡಿ ಹಿಡಿದರೆ ಅದರ ಪಾದದಲ್ಲಿ ಮೂರು ಗೆಣ್ಣುಗಳೂ ಇದರದರಲ್ಲಿ ನಾಲ್ಕೂ ಕಾಣುವುವು.

1990ರ ದಶಕದ ಆರಂಭದಲ್ಲಿ ಕರ್ನಾಟಕದ ಸೂರ್ಯಕಾಂತಿ ಹೊಲಗಳಲ್ಲಿ ಈ ಹುಳು ಎಲೆ ತಿನ್ನುತ್ತಿದ್ದುದನ್ನು ಕಂಡು ರೈತರು ಗಾಬರಿಗೊಂಡರು. ಎಲೆಗಳ ಮೇಲೆ ಉದುರಿದ ಪಾರ್ಥೇನಿಯಂ ಪರಾಗವೇ ಅದಕ್ಕೆ ಆ ರುಚಿ ಹತ್ತಿಸಿತೆಂದು ಸಂಶೋಧಕರು ತೋರಿಸಿಕೊಟ್ಟರು. ಹೀಗಿರಲು ಹೊಲದ ಬದಿಯ ಕಳೆಯನ್ನು ಹೂ ಬಿಡುವ ಮುನ್ನ ಕೀಳುವುದೇ ಜಾಣತನ. ಊರಿಗೆ ಕಾಗದ ಬರೆಯುವ ನಮ್ಮ ಬಂಧುಗಳು ಇಷ್ಟನ್ನು ತಿಳಿಸಲಿ: ಔಷಧಿ ಸಿಂಪಡಿಸುವ ಮೊದಲು ಹುಳುವಿನ ಬೆನ್ನನ್ನೊಮ್ಮೆ ನೋಡಿರಿ.