ಮೆಕ್ಸಿಕೋದ ಸುಟ್ಟ ಜೋಳಕ್ಕೆ ನಮ್ಮ ಮನೆಯ ಹಾಲು



ಇತ್ತೀಚೆಗೆ ಬರಡು ರಾಸುಗಳ ಚಿಕಿತ್ಸಾ ಶಿಬಿರಕ್ಕೆ ಹೋಗಿದ್ದಾಗ ಸಂಘದ ಸದಸ್ಯೆಯೊಬ್ಬರು ಕೇಳಿದರು: "ಡಾಕ್ಟ್ರೇ, ಮೊಬೈಲ್‌ನಲ್ಲಿ ನೋಡಿ ಮಗಳು ಮೆಕ್ಸಿಕೋ ಜೋಳ ಮಾಡ್ಕೊಡು ಅಂತ ಹಠ ಹಿಡಿದವಳೆ. ಅದಕ್ಕೆ ಚೀಸ್ ಬೇಕಂತೆ. ಕಾಯಿಸದ ಹಾಲಲ್ಲಿ ಮಾಡಿದ್ರೇನೇ ರುಚಿ ಅಂತಾರೆ, ಮಾಡ್ಬಹುದಾ?" "ಜೋಳ ಖಂಡಿತ ಮಾಡಿಕೊಡಿ ಅಕ್ಕ, ಹಾಲು ಕಾಯಿಸದೆ ಮಾತ್ರ ಬೇಡ" ಎಂದೆ. ಏಕೆ ಬೇಡ ಎಂಬುದು ನಿಮಗೆಲ್ಲರಿಗೂ ತಿಳಿಯಲಿ ಎಂದು ಈ ಲೇಖನ.

ಜೋಳದ ತವರು

ನಮ್ಮ ಮುಸುಕಿನ ಜೋಳದ ತವರು ಮೆಕ್ಸಿಕೋ. ಸುಮಾರು 9,000 ವರ್ಷಗಳ ಹಿಂದೆ ಅಲ್ಲಿನ ರೈತರು ಒಂದು ಕಾಡುಹುಲ್ಲನ್ನು ಪಳಗಿಸಿ ಈ ಬೆಳೆ ಮಾಡಿಕೊಂಡರು. ಅಲ್ಲಿನ ಬೀದಿಗಳಲ್ಲಿ ತಳ್ಳುಗಾಡಿಯವರು ಎಳೆಯ ತೆನೆಯನ್ನು ಸುಟ್ಟು ಅಥವಾ ಬೇಯಿಸಿ, ಕಡ್ಡಿ ಸಿಕ್ಕಿಸಿ, ಮೇಯನೇಸ್ ಅಥವಾ ಹುಳಿಗೆನೆ ಸವರಿ, ಚೀಸ್ ಪುಡಿ, ಮೆಣಸಿನಪುಡಿ, ನಿಂಬೆರಸ ಹಾಕಿ ಕೊಡುತ್ತಾರೆ. ಇದರ ಹೆಸರು 'ಎಲೋತೆ'. ಬಳಸುವ ಚೀಸ್ 'ಕೊತಿಹಾ'. ಮಿಚೊವಾಕಾನ್ ರಾಜ್ಯದ ಒಂದು ಊರಿನ ಹೆಸರೇ ಅದಕ್ಕೆ ಬಂದಿದೆ. ಉಪ್ಪುಪ್ಪಾಗಿ, ಪುಡಿಪುಡಿಯಾಗಿರುತ್ತದೆ. ನಮ್ಮಲ್ಲಿ ಆ ಜಾಗಕ್ಕೆ ಮನೆಯ ಪನೀರ್ ಸಾಕು.

ಬೇಕಾಗುವ ಸಾಮಗ್ರಿ (4 ತೆನೆಗೆ)

ಎಳೆಯ ಮುಸುಕಿನ ಜೋಳದ ತೆನೆ 4, ಹಾಲು ಅರ್ಧ ಲೀಟರ್, ನೀರು ಬಸಿದ ಗಟ್ಟಿ ಮೊಸರು ಅರ್ಧ ಕಪ್, ಕಾಯಿಸಿದ ಹಾಲಿನ ಕೆನೆ 2 ಚಮಚ, ಜಜ್ಜಿದ ಬೆಳ್ಳುಳ್ಳಿ 2 ಎಸಳು, ಬ್ಯಾಡಗಿ ಮೆಣಸಿನಪುಡಿ 1 ಚಮಚ, ನಿಂಬೆಹಣ್ಣು 2, ಕೊತ್ತಂಬರಿ ಸೊಪ್ಪು, ಉಪ್ಪು.

ಮಾಡುವ ವಿಧಾನ

1. ಹಾಲನ್ನು ಚೆನ್ನಾಗಿ ಉಕ್ಕಿಸಿ ಒಲೆ ಆರಿಸಿ. ನಿಂಬೆರಸವನ್ನು ಸ್ವಲ್ಪ ಸ್ವಲ್ಪವೇ ಹಾಕಿ ಒಡೆಸಿ. ತೆಳು ಬಟ್ಟೆಯಲ್ಲಿ ಸೋಸಿ, ತಣ್ಣೀರಿನಲ್ಲಿ ತೊಳೆದು, ಅರ್ಧ ಗಂಟೆ ಭಾರ ಇಡಿ. ನಂತರ ಅರ್ಧ ಚಮಚ ಉಪ್ಪು ಸೇರಿಸಿ ಕೈಯಲ್ಲಿ ಪುಡಿ ಮಾಡಿ.
2. ಮೊಸರು, ಕೆನೆ, ಬೆಳ್ಳುಳ್ಳಿ, ಚಿಟಿಕೆ ಉಪ್ಪು ಕಲಸಿಡಿ. ಮೇಯನೇಸ್‌ಗೆ ಬದಲಿ ಇದೇ.
3. ತೆನೆಯನ್ನು ಕೆಂಡದ ಮೇಲೆ ತಿರುಗಿಸುತ್ತಾ 10-12 ನಿಮಿಷ ಸುಡಿ. ಅಲ್ಲಲ್ಲಿ ಕಪ್ಪು ಚುಕ್ಕೆ ಬೀಳಬೇಕು.
4. ಬಿಸಿ ಇರುವಾಗಲೇ ಮೊಸರಿನ ಮಿಶ್ರಣ ಸವರಿ, ಪನೀರ್ ಉದುರಿಸಿ, ಮೆಣಸಿನಪುಡಿ, ಕೊತ್ತಂಬರಿ ಹಾಕಿ ನಿಂಬೆ ಹಿಂಡಿ ಕೊಡಿ.

ಹಾಲು ಏಕೆ ಕಾಯಿಸಲೇಬೇಕು?

ಮೆಕ್ಸಿಕೋದಲ್ಲಿ ಹಸಿ ಹಾಲಿನ ತಾಜಾ ಚೀಸ್ ತಿಂದವರಿಗೆ ಬ್ರುಸೆಲ್ಲೋಸಿಸ್ ಬಂದ ಪ್ರಕರಣಗಳಿವೆ. ಇದು ನಮಗೆ ಹೊಸ ಕಾಯಿಲೆಯಲ್ಲ. ರಾಸುಗಳಲ್ಲಿ ನಾವು ಕಂದು ರೋಗ ಎನ್ನುವುದು ಇದನ್ನೇ. ಗಬ್ಬದ ಕೊನೆಯ ತಿಂಗಳುಗಳಲ್ಲಿ ಹಸು ಕಂದು ಹಾಕುತ್ತದೆ, ಸತ್ತೆ ಬೀಳುವುದಿಲ್ಲ. ಕೆಲವು ಹಸುಗಳು ಹೊರಗೆ ಆರೋಗ್ಯವಾಗಿಯೇ ಕಂಡರೂ ಹಾಲಿನಲ್ಲಿ ರೋಗಾಣು ಬರುತ್ತಿರುತ್ತದೆ. ಸಂಘದಲ್ಲಿ ಮಾಡುವ ಫ್ಯಾಟ್, ಎಸ್‌ಎನ್‌ಎಫ್ ಪರೀಕ್ಷೆಯಲ್ಲಿ ಇದು ಗೊತ್ತಾಗುವುದಿಲ್ಲ. ನಿಂಬೆ ಹಿಂಡಿ ಒಡೆಸಿದ ಮಾತ್ರಕ್ಕೂ ಸಾಯುವುದಿಲ್ಲ. ಕುದಿಸಿದರೆ ಸಾಯುತ್ತದೆ.

ಮನುಷ್ಯರಿಗೆ ಬಂದರೆ ಬಿಟ್ಟು ಬಿಟ್ಟು ಜ್ವರ, ರಾತ್ರಿ ಬೆವರು, ಸೊಂಟ-ಕೀಲು ನೋವು ವಾರಗಟ್ಟಲೆ ಕಾಡುತ್ತದೆ. ಕೆಲಸದ ಆಯಾಸವೆಂದು ಸುಮ್ಮನಾಗಬೇಡಿ. ವೈದ್ಯರಲ್ಲಿಗೆ ಹೋದಾಗ "ನಾನು ಹಸು ಸಾಕುತ್ತೇನೆ" ಎಂದು ತಪ್ಪದೇ ಹೇಳಿ. ಹಸು ಕಂದು ಹಾಕಿದರೆ ಕಂದು, ಸತ್ತೆಯನ್ನು ಬರಿಗೈಯಲ್ಲಿ ಮುಟ್ಟದೆ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ, ನಮಗೆ ತಿಳಿಸಿ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಜೀವನದಲ್ಲಿ ಒಮ್ಮೆ ಹಾಕುವ ಲಸಿಕೆಯನ್ನು ತಪ್ಪಿಸಬೇಡಿ.

ಸಿಪ್ಪೆ, ದಿಂಡು ಏನು ಮಾಡುವುದು?

ತೆನೆಯ ಹಸಿರು ಸಿಪ್ಪೆಯನ್ನು ಕತ್ತರಿಸಿ ಮೇವಿನ ಜೊತೆ ಹಾಕಿ, ಹಸು ಇಷ್ಟಪಟ್ಟು ತಿನ್ನುತ್ತದೆ. ತಿಂದು ಬಿಟ್ಟ ದಿಂಡನ್ನು ಇಡಿಯಾಗಿ ಹಾಕಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಗೊಬ್ಬರದ ಗುಂಡಿಗೆ ಸೇರಿಸಿ. ಬಿಡಿಸಿದ ಕಾಳನ್ನು ಹಸುವಿಗೆ ಎಟುಕುವಂತೆ ಇಡಬೇಡಿ. ಒಮ್ಮೆಲೇ ಹೆಚ್ಚು ಕಾಳು ತಿಂದರೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ ಪ್ರಾಣಕ್ಕೇ ಅಪಾಯ. ಹಾಗೇನಾದರೂ ಆದರೆ ಬೆಳಗಾಗಲಿ ಎಂದು ಕಾಯದೆ ಕೂಡಲೇ ಕರೆ ಮಾಡಿ.

ಸಂಜೆ ಹಾಲಿನಲ್ಲಿ ಅರ್ಧ ಲೀಟರ್ ಮನೆಗೆಂದು ಉಳಿಸಿಕೊಳ್ಳಿ. ಅದು ಉಕ್ಕಿ ಬಂದ ಮೇಲೆಯೇ ಮಕ್ಕಳಿಗೆ ಮೆಕ್ಸಿಕೋ ಜೋಳ ಮಾಡಿಕೊಡಿ. ನಿಮಗೂ ಒಂದು ತೆನೆ ಇರಲಿ.