ಕಾರ್ಬುರೇಟರಿನ ಉಸಿರುಗೊಳವೆ

ತುಂಬಿದ ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿ ಬಗ್ಗಿಸಿ ನೋಡಿ. ಎಣ್ಣೆ ಗುಳುಗುಳು ಎನ್ನುತ್ತ ತಡೆತಡೆದು ಬೀಳುತ್ತದೆ. ಎದುರು ಮೂಲೆಯಲ್ಲಿ ಇನ್ನೊಂದು ತೂತು ಮಾಡಿದೊಡನೆ ಧಾರೆ ಸರಾಗವಾಗುತ್ತದೆ. ಹೊರಹೋದ ಎಣ್ಣೆಯ ಜಾಗಕ್ಕೆ ಗಾಳಿ ಬರಬೇಕಷ್ಟೆ. ಕಿರಾಣಿ ಅಂಗಡಿಯವರಿಗೆಲ್ಲ ತಿಳಿದಿರುವ ಈ ಸಂಗತಿ, ಹಳೆಯ ಕಾರುಗಳನ್ನು ಪ್ರೀತಿಯಿಂದ ರಿಪೇರಿ ಮಾಡುವವರಿಗೆ ಎಷ್ಟೋ ಬಾರಿ ಮರೆತುಹೋಗುತ್ತದೆ. ಆಗ ಎಂಜಿನ್ ಮುಗ್ಗರಿಸುತ್ತದೆ. ಕೆಲವೊಮ್ಮೆ ಕಾರಿಗೆ ಬೆಂಕಿಯೂ ಹೊತ್ತಿಕೊಳ್ಳುತ್ತದೆ.

ಒಂದು ಉದಾಹರಣೆಯನ್ನು ನೋಡೋಣ. ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರು ತಯಾರಾಗುತ್ತಿತ್ತು. ಅದರ 1798 ಘನ ಸೆಂ.ಮೀ. ಎಂಜಿನ್ನಿಗೆ ಆರಂಭದ ವರ್ಷಗಳಲ್ಲಿ ಎರಡು ಎಸ್‌ಯು ಕಾರ್ಬುರೇಟರುಗಳಿದ್ದವು. ಎಸ್‌ಯು ಎಂದರೆ ಸ್ಕಿನ್ನರ್ಸ್ ಯೂನಿಯನ್. ಪಾದರಕ್ಷೆ ವ್ಯಾಪಾರದ ಮನೆತನದ ಸೋದರರು ಹುಟ್ಟುಹಾಕಿದ ಕಂಪನಿ ಇದು. ಮೊದಮೊದಲ ಎಸ್‌ಯು ಕಾರ್ಬುರೇಟರಿನಲ್ಲಿ ಪಿಸ್ಟನ್ನಿನ ಬದಲು ಚರ್ಮದ ತಿದಿ ಇತ್ತು ಎಂದರೆ ಆಶ್ಚರ್ಯಪಡಬೇಕಿಲ್ಲ!

ಪ್ರತಿ ಕಾರ್ಬುರೇಟರಿನ ಪಕ್ಕದಲ್ಲಿ ಒಂದು ಪುಟ್ಟ ಫ್ಲೋಟ್ ಚೇಂಬರ್ ಇರುತ್ತದೆ. ಇದು ಮನೆಯ ಮೇಲಿನ ನೀರಿನ ತೊಟ್ಟಿಯ ಚಿಕ್ಕ ತಮ್ಮ. ಪೆಟ್ರೋಲ್ ಮಟ್ಟ ಏರಿದಂತೆ ತೇಲುವ ಫ್ಲೋಟ್ ಮೇಲೆದ್ದು ಮೊನಚಾದ ನೀಡಲ್ ವಾಲ್ವನ್ನು ಒತ್ತಿ ಒಳಹರಿವನ್ನು ನಿಲ್ಲಿಸುತ್ತದೆ. ಮುಚ್ಚಳದಲ್ಲಿ ಎರಡು ಮೂತಿಗಳು. ಒಂದು ಪೆಟ್ರೋಲ್ ಒಳಬರಲು. ಇನ್ನೊಂದಕ್ಕೆ ಓವರ್‌ಫ್ಲೋ ಕೊಳವೆ ಜೋಡಿಸಿ ಕೆಳಕ್ಕೆ ಇಳಿಬಿಟ್ಟಿರುತ್ತಾರೆ. ಹೆಸರು ಕೇಳಿ ಇದನ್ನು ಬರಿಯ ಬಚ್ಚಲುಗೊಳವೆ ಎಂದುಕೊಳ್ಳುವುದೇ ತಪ್ಪಿನ ಮೂಲ. ಚೇಂಬರ್ ಉಸಿರಾಡುವುದೂ ಇದರ ಮೂಲಕವೇ.

ಉಸಿರಾಟ ಏಕೆ ಬೇಕು? ಎಂಜಿನ್ ಗಾಳಿಯನ್ನು ಎಳೆದುಕೊಂಡಾಗ ಕಾರ್ಬುರೇಟರಿನ ಕಂಠದಲ್ಲಿ ಒತ್ತಡ ತುಸು ಕುಸಿಯುತ್ತದೆ. ಚೇಂಬರಿನಲ್ಲಿರುವ ವಾಯುಮಂಡಲದ ಒತ್ತಡ ಪೆಟ್ರೋಲನ್ನು ಜೆಟ್ ಮೂಲಕ ಕಂಠಕ್ಕೆ ತಳ್ಳುತ್ತದೆ. ಎಸ್‌ಯುನಲ್ಲಿ ಈ ಒತ್ತಡ ವ್ಯತ್ಯಾಸ ಸುಮಾರು 20 ಸೆಂ.ಮೀ. ನೀರಿನ ಕಂಬದಷ್ಟು ಮಾತ್ರ. ಇಷ್ಟು ಸೂಕ್ಷ್ಮವಾದ ತಕ್ಕಡಿಯ ಒಂದು ತಟ್ಟೆಯನ್ನು ಕೊಳವೆಯ ತುದಿ ಹಿಡಿದುಕೊಂಡಿದೆ.

ಒಂದು ಲೆಕ್ಕ ಮಾಡೋಣ. ಗಂಟೆಗೆ 100 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಗಾಳಿಯ ಸಾಂದ್ರತೆ ಘನ ಮೀಟರಿಗೆ 1.2 ಕಿ.ಗ್ರಾಂ. ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಸುಮಾರು 465 ಪಾಸ್ಕಲ್, ಅಂದರೆ 4.7 ಸೆಂ.ಮೀ. ನೀರಿನ ಕಂಬ. ಕೊಳವೆಯ ಬಾಯಿ ನೇರವಾಗಿ ಎದುರುಗಾಳಿಗೆ ಮುಖ ಮಾಡಿದ್ದರೆ ಚೇಂಬರಿಗೆ ಗರಿಷ್ಠ ಇಷ್ಟು ಹೆಚ್ಚುವರಿ ಒತ್ತಡ ಸಿಗುತ್ತದೆ. 20 ಇದ್ದದ್ದು 24.7 ಆಯಿತು. ಹರಿವು ಒತ್ತಡದ ವರ್ಗಮೂಲಕ್ಕೆ ಅನುಪಾತದಲ್ಲಿರುವುದರಿಂದ ಪೆಟ್ರೋಲ್ ಸುಮಾರು ಶೇ. 11ರಷ್ಟು ಹೆಚ್ಚು ಹರಿಯುತ್ತದೆ. ನಿಂತಾಗ ಚೆನ್ನಾಗಿದ್ದ ಎಂಜಿನ್ ಹೆದ್ದಾರಿಯಲ್ಲಿ ಕಪ್ಪು ಹೊಗೆ ಬಿಟ್ಟರೆ ಬಡಪಾಯಿ ಮೆಕ್ಯಾನಿಕ್ ಜೆಟ್ಟನ್ನು ತಿರುಗಿಸುತ್ತ ಕೂರುತ್ತಾನೆ!

ಕೊಳವೆ ನಡುವೆ ಜೋಕಾಲಿಯಂತೆ ಜೋತುಬಿದ್ದರೂ ಕಷ್ಟವೇ. ಆ ತಗ್ಗಿನಲ್ಲಿ ಪೆಟ್ರೋಲ್ ನಿಂತು ಗಾಳಿಯ ದಾರಿಯನ್ನು ಅಡ್ಡಗಟ್ಟುತ್ತದೆ. ಅದರ ಎರಡು ಮಟ್ಟಗಳ ನಡುವೆ 5 ಸೆಂ.ಮೀ. ವ್ಯತ್ಯಾಸವಾದರೆ ಚೇಂಬರಿನ ಒತ್ತಡ 3.7 ಸೆಂ.ಮೀ. ನೀರಿನ ಕಂಬದಷ್ಟು ಏರುಪೇರಾಗಿದೆ ಎಂದರ್ಥ. ಆದ್ದರಿಂದ ಕೊಳವೆ ಮುಚ್ಚಳದಿಂದ ತುದಿಯವರೆಗೆ ಒಂದೇ ಸಮನೆ ಇಳಿಯುತ್ತಿರಬೇಕು. ಎರಡು ಚೇಂಬರುಗಳಿಗೂ ಪ್ರತ್ಯೇಕ ಕೊಳವೆ ಇರಬೇಕು. ಎರಡನ್ನೂ ಸೇರಿಸಿ ಒಂದೇ ಸಣ್ಣ ಕೊಳವೆಗೆ ಜೋಡಿಸಿದರೆ ಒಂದು ಉಕ್ಕಿದಾಗ ಇನ್ನೊಂದರ ಉಸಿರೂ ಕಟ್ಟುತ್ತದೆ. ಹನಿ ಬೀಳದಿರಲೆಂದು ತುದಿಗೆ ಬಿರಡೆ ಜಡಿಯುವುದಂತೂ ಕೂಡದು.

ಇನ್ನು ಬೆಂಕಿಯ ಮಾತು. ಎಂಜಿಬಿಯಲ್ಲಿ ಕಾರ್ಬುರೇಟರುಗಳೂ ಎಕ್ಸಾಸ್ಟ್ ಮ್ಯಾನಿಫೋಲ್ಡೂ ಎಂಜಿನ್ನಿನ ಒಂದೇ ಪಕ್ಕದಲ್ಲಿವೆ. ಮ್ಯಾನಿಫೋಲ್ಡ್ ಕೆಳಗೆ, ಕಾರ್ಬುರೇಟರ್ ಮೇಲೆ. ನಡುವೆ ಶಾಖ ತಡೆಯುವ ಒಂದು ತಗಡು. ನೀಡಲ್ ವಾಲ್ವಿನಲ್ಲಿ ಒಂದು ಕಣ ಕಸ ಸಿಕ್ಕಿಕೊಂಡರೆ ಸಾಕು, ಚೇಂಬರ್ ಉಕ್ಕುತ್ತದೆ. ಏಕೆಂದರೆ ಪಂಪಿನ ಒತ್ತಡ ಸುಮಾರು 0.2 ವಾಯುಮಂಡಲ, ಅದು ಪೆಟ್ರೋಲನ್ನು ಎರಡೂವರೆ ಮೀಟರ್ ಎತ್ತರಕ್ಕೂ ಏರಿಸಬಲ್ಲದು. ಕೆಲವೇ ಸೆಂಟಿಮೀಟರ್ ಎತ್ತರದ ಮುಚ್ಚಳ ಅದಕ್ಕೆ ಯಾವ ಲೆಕ್ಕ? ಉಕ್ಕಿದ್ದು ಹೋಗಲು ಸರಿಯಾದ ದಾರಿಯಿಲ್ಲದಿದ್ದರೆ ಮ್ಯಾನಿಫೋಲ್ಡಿನ ಮೇಲೆಯೇ ಸುರಿಯುತ್ತದೆ. ಪೆಟ್ರೋಲ್ ಆವಿ ಕಿಡಿಯಿಲ್ಲದೆ ತಾನಾಗಿ ಹೊತ್ತಿಕೊಳ್ಳುವ ಉಷ್ಣತೆ 250ರಿಂದ 280 ಡಿಗ್ರಿ ಸೆಲ್ಸಿಯಸ್ ಆಸುಪಾಸು. ದುಡಿಯುತ್ತಿರುವ ಎಂಜಿನ್ನಿನ ಮ್ಯಾನಿಫೋಲ್ಡ್ ಅದನ್ನು ಸುಲಭವಾಗಿ ಮೀರುತ್ತದೆ. ಬಿದ್ದ ಹನಿಯೆಲ್ಲ ಉರಿಯುವುದಿಲ್ಲ, ನಿಜ. ಒಮ್ಮೆ ಉರಿದರೂ ಸಾಕಲ್ಲ! ಗಾಳಿಗಿಂತ ಭಾರವಾದ ಆವಿ ಕೆಳಕ್ಕೇ ಇಳಿಯುವುದರಿಂದ ಕೊಳವೆಯ ತುದಿ ಎಂಜಿನ್ನಿನ ಕೆಳ ಅಂಚನ್ನು ದಾಟಿ, ಎಕ್ಸಾಸ್ಟ್ ಪೈಪಿನಿಂದ ದೂರದಲ್ಲಿ, ನೆಲಕ್ಕೆ ಮುಖಮಾಡಿ ಕೊನೆಗೊಳ್ಳಬೇಕು. ಮ್ಯಾನಿಫೋಲ್ಡಿನ ಬಳಿ ಹಾಯುವ ಭಾಗ ಲೋಹದ್ದೇ ಆಗಿರಲಿ.

ಆವಿಯನ್ನು ಹೀಗೆ ಗಾಳಿಗೆ ಬಿಡುವುದು ಪರಿಸರಕ್ಕೆ ಒಳ್ಳೆಯದಲ್ಲ. ಹಾಗಾಗಿ 1970ರ ದಶಕದಲ್ಲಿ ಅಮೆರಿಕದ ಮಾರುಕಟ್ಟೆಗೆ ಹೋದ ಎಂಜಿಬಿಗಳಲ್ಲಿ ಆವಿಯನ್ನು ಹೀರುವ ಇದ್ದಿಲಿನ ಡಬ್ಬಿಯೊಂದನ್ನು ಅಳವಡಿಸಿದ್ದರು.

ಪೆಟ್ರೋಲ್ ತರುವ ಕೊಳವೆಯನ್ನೂ ಬಿಸಿಯಿಂದ ದೂರವಿಡಬೇಕು. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿಯ ಸುಮಾರಿಗೇ ಕುದಿಯತೊಡಗುತ್ತವೆ. ಗುಳ್ಳೆ ತುಂಬಿದ ಕೊಳವೆಯಲ್ಲಿ ಹರಿವು ಕುಂಟುತ್ತದೆ. ಅದರ ರಬ್ಬರ್ ತುಂಡುಗಳಿಗೆ ಈಗ ಇನ್ನೊಂದು ಶತ್ರು ಎಥನಾಲ್. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಶೇ. 10ರವರೆಗೆ ಎಥನಾಲ್ ಇರುವ ಪೆಟ್ರೋಲ್ ಸಾಮಾನ್ಯವಾಯಿತು. ಶೇ. 20 ಬೆರೆಸಿದ ಪೆಟ್ರೋಲಿಗೆ ಭಾರತದಲ್ಲಿ ಚಾಲನೆ ದೊರೆತದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲೇ. ನಮ್ಮ ಹಳೆಯ ಅಂಬಾಸಿಡರಿನ 1489 ಘನ ಸೆಂ.ಮೀ. ಪೆಟ್ರೋಲ್ ಎಂಜಿನ್ ಎಂಜಿಬಿಯ ಎಂಜಿನ್ನಿನ ದಾಯಾದಿ, ಎರಡೂ ಬಿ-ಸರಣಿಯವು. ಎಥನಾಲ್ ತಾಳದ ಹಳೆಯ ರಬ್ಬರ್ ಉಬ್ಬಿ ಬಿರುಕುಬಿಡುತ್ತದೆ. ಅದರ ಪುಡಿಯೇ ನೀಡಲ್ ವಾಲ್ವಿನಲ್ಲಿ ಸಿಕ್ಕಿಕೊಳ್ಳುವ ಕಸವಾಗಬಹುದು.

ತರಗತಿಯಲ್ಲಿ ಪೆಟ್ರೋಲ್ ಬೇಡವೇ ಬೇಡ, ನೀರು ಸಾಕು. ಪ್ಲಾಸ್ಟಿಕ್ ಬಾಟಲಿಯ ಬುಡದಲ್ಲಿ ಸಣ್ಣ ತೂತು ಮಾಡಿ. ಮುಚ್ಚಳದಲ್ಲಿ ಪಾರದರ್ಶಕ ಕೊಳವೆಯೊಂದನ್ನು ತೂರಿಸಿ, ಸಂದನ್ನು ಮೇಣದಿಂದ ಮುಚ್ಚಿ. ನೀರು ತುಂಬಿ, ಧಾರೆ ಎಷ್ಟು ದೂರ ಚಿಮ್ಮುತ್ತದೆಂದು ಗುರುತಿಸಿ. ಅಷ್ಟೇ ನೀರು ಮತ್ತೆ ತುಂಬಿ, ಈ ಬಾರಿ ಕೊಳವೆಯನ್ನು ಬಗ್ಗಿಸಿ ತಗ್ಗಿನಲ್ಲಿ ಬಣ್ಣದ ನೀರು ನಿಲ್ಲಿಸಿ. ಧಾರೆ ಹತ್ತಿರ ಬೀಳುತ್ತದೆ; ಬಣ್ಣದ ನೀರು ಬಾಟಲಿಯ ಕಡೆಗೆ ಏರುತ್ತದೆ.

ಎಂಜಿಬಿಯಂತಹ ಕಾರು ನಿಮ್ಮ ಊರಿನಲ್ಲಿದ್ದರೆ ಮಾಲೀಕರನ್ನು ಕೇಳಿ, ಎಂಜಿನ್ ಚಾಲೂ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿ ನೋಡಿ. ಹಿಂಭಾಗದ ವಿದ್ಯುತ್ ಪಂಪು ಟಿಕ್ ಟಿಕ್ ಎನ್ನುತ್ತದೆ. ಚೇಂಬರುಗಳು ತುಂಬಿದೊಡನೆ ಸುಮ್ಮನಾಗುತ್ತದೆ. ಸದ್ದು ನಿಲ್ಲದೇ ಹೋದರೆ ತಕ್ಷಣ ಕೀಲಿಯನ್ನು ಹಿಂದಕ್ಕೆ ತಿರುಗಿಸಿ, ಓವರ್‌ಫ್ಲೋ ಕೊಳವೆಯ ಕೆಳಗೆ ನೆಲ ಒದ್ದೆಯಾಗಿದೆಯೇ ಎಂದು ಬಗ್ಗಿ ನೋಡಬೇಕು.